ಕಿಲ್ನಿನೊಳಗಿಂದ ಬಂದ ಓ

ಮರುದಿನ ಸಿಂಧನೂರಿನಲ್ಲಿ ತಮ್ಮನ ನಿಶ್ಚಿತಾರ್ಥ. ಹುಡುಗ ಮಾತ್ರ ಇನ್ನೂ ಸಿಮೆಂಟ್ ಫ್ಯಾಕ್ಟರಿಯಲ್ಲೇ ಇದ್ದ. ಫೋನು ಮಾಡಿದಾಗೆಲ್ಲ ಇವತ್ತು ಕೆಲಸ ಮುಗಿಯುತ್ತದೆ, ಬರುತ್ತೇನೆ ಎಂಬ ಅದೇ ರಾಗ. ಅವನ ಮಾತು ನಂಬಿ ಕೂತರೆ ಬೀಗರ ಮುಂದೆ ಮುಖ ತೋರಿಸುವ ಹಾಗಿರಲಿಲ್ಲ. ನಾನೇ ಹೋಗಿ ಎಳೆದು ತರುತ್ತೇನೆಂದು ಲಿಂಗಸುಗೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆ. ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಇತ್ತು.

ಅದು ನಮ್ಮಜ್ಜನ ಕಾಲದ ಫ್ಯಾಕ್ಟರಿ. ಗೇಟಿನಲ್ಲಿ ತಲೆಗೊಂದು ಹೆಲ್ಮೆಟ್ ಹಾಕಿ ಒಳಗೆ ಬಿಟ್ಟರು. ಕಿವಿ ಕಿವುಡಾಗುವಷ್ಟು ಗದ್ದಲ ಇರುತ್ತದೆಂದು ಎಣಿಸಿದ್ದೆ. ಆದರೆ ವರ್ಷಕ್ಕೊಮ್ಮೆಯ ರಿಪೇರಿಗೆಂದು ಎಲ್ಲ ನಿಲ್ಲಿಸಿದ್ದರಂತೆ. ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಬೇವಿನ ಎಲೆಯೂ ಬೂದಿ ಬಣ್ಣ. ಹಳೆಯ ಕ್ವಾರ್ಟರ್ಸ್ ಸಾಲಿನಲ್ಲಿ ಬಾಗಿಲುಗಳೆಲ್ಲ ತೆರೆದೇ ಇದ್ದವು, ಒಳಗೆ ನೆಲದ ತುಂಬ ಧೂಳು, ಒಂದು ಹೆಜ್ಜೆಯ ಗುರುತಿಲ್ಲ. ಯಾವುದೋ ಕಿಟಕಿಯಲ್ಲಿ ಯಾರೋ ನಿಂತ ಹಾಗಾಯಿತು. ನಾನೇನು ಅಂಜುಬುರುಕಿಯಲ್ಲ. ಆದರೂ ಸುಳ್ಳೇಕೆ ಹೇಳಲಿ, ತಿರುಗಿ ನೋಡಲಿಲ್ಲ.

ತಮ್ಮನ ಕೆಲಸ ಕಿಲ್ನ್ ಎಂಬ ಕಬ್ಬಿಣದ ಕೊಳವೆಯೊಳಗೆ. ಲಾರಿ ಹೋಗುವಷ್ಟು ಅಗಲ, ಆ ತುದಿ ಕಾಣದಷ್ಟು ಉದ್ದ. ಸುಣ್ಣದ ಕಲ್ಲು ಸುಡುವುದು ಅದರಲ್ಲೇ. ಒಳಗೋಡೆಯ ಸವೆದ ಇಟ್ಟಿಗೆ ಕಿತ್ತು ಹೊಸದು ಕಟ್ಟುವುದು ಇವರ ತಂಡದ ಕೆಲಸ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅದು ಮುಗಿದು, ಬಾಗಿಲು ಹಾಕಿ ಬೆಂಕಿ ಹಚ್ಚುವುದಷ್ಟೇ ಬಾಕಿ ಇತ್ತು.

ತಂಡದ ಮೇಸ್ತ್ರಿ ಮಸ್ಕಿಯ ಹಿರಿಯರು, ಎಲ್ಲರಿಗೂ ಚಾಚಾ. ಅವರದೊಂದು ಪದ್ಧತಿ. ಬಾಗಿಲು ಹಾಕುವ ಮೊದಲು ಕಿಲ್ನಿನ ಬಾಯಿಗೆ ಮುಖ ಕೊಟ್ಟು, ತಂಡದ ಒಬ್ಬೊಬ್ಬನನ್ನೂ ಹೆಸರು ಹಿಡಿದು ಕೂಗುವರು. ಆ ಹೆಸರಿನವನು ಅವರ ಬೆನ್ನ ಹಿಂದೆ, ಹೊರಗೆ ನಿಂತು ಓ ಎನ್ನಬೇಕು. ಕಂಪನಿಯವರು ತಲೆ ಎಣಿಸಿದರೂ ಚಾಚಾ ಇದನ್ನು ಬಿಟ್ಟವರಲ್ಲ.

ಕೂಗು ಶುರುವಾಯಿತು. ಒಬ್ಬೊಬ್ಬರೇ ಓ ಎಂದರು. ತಮ್ಮನನ್ನು ನೋಡಿದೆ, ಕೆನ್ನೆ ಒಳಗೆ ಹೋಗಿತ್ತು. ಸಿಟ್ಟೂ ಬಂತು, ಕರುಳೂ ಚುರ್ ಎಂದಿತು. ಬೇಡ ಬೇಡವೆಂದರೂ ಹೋಳಿಗೆ ಮುರಿದು ಬಾಯಿಗೆ ತುರುಕಿದೆ. ಅಷ್ಟರಲ್ಲೇ ಚಾಚಾ ಅವನ ಹೆಸರು ಕೂಗಿದರು. ಬಾಯಿ ತುಂಬ ಹೋಳಿಗೆ, ಪಾಪ, ಕೈ ಎತ್ತಿದ.

‘ಓ’ ಎಂದು ಕೇಳಿತು. ಒಳಗಿಂದ.

ತಮ್ಮ ನನ್ನೆದುರೇ ಇದ್ದ, ತುಟಿ ಬಿಚ್ಚಿರಲಿಲ್ಲ. ದೇವರಾಣೆ, ಅವನ ರಟ್ಟೆ ಹಿಡಿದು ಬೆಚ್ಚಗಿದೆಯೇ ಎಂದು ನೋಡಿದೆ. ಕಂಪನಿಯವನೊಬ್ಬ ಅದು ಪ್ರತಿಧ್ವನಿ ಎಂದ. ಚಾಚಾ ತಿರುಗಿ ತಮ್ಮನನ್ನು ನೋಡಿದರು. ಅದೇ ಹೆಸರನ್ನು ಮತ್ತೆ ಕೂಗಿದರು, ಈ ಸಲ ಮೆಲ್ಲಗೆ. ಮತ್ತೆ ಓ ಬಂತು, ಬಲು ದೂರದಿಂದ, ನಿದ್ದೆಗಣ್ಣಿನವರ ದನಿಯಲ್ಲಿ.

ಚಾಚಾ ಟಾರ್ಚ್ ಕಿತ್ತುಕೊಂಡು ಒಳಗೆ ಹೋದರು. ಉಳಿದವರು ಹಿಂದೆ ಓಡಿದರು. ನಾನು ತಮ್ಮನ ಕೈ ಬಿಡಲಿಲ್ಲ.

ಹೊತ್ತು ತಂದದ್ದು ಮನುಷ್ಯನನ್ನೇ. ಬಳಗಾನೂರಿನವನು, ಮಕ್ಕಳೊಂದಿಗ, ಇದೇ ತಂಡದವನು. ಅವನದೂ ತಮ್ಮನದೂ ಒಂದೇ ಹೆಸರು. ಜ್ವರ ಬಂತೆಂದು ಹಿಂದಿನ ದಿನ ಕೆಲಸ ಬಿಟ್ಟು ಊರಿಗೆ ಹೊರಟಿದ್ದನಂತೆ. ನಡೆಯಲಾರದೆ ತಿರುಗಿ ಬಂದು, ತಣ್ಣಗಿದೆಯೆಂದು ಕಿಲ್ನಿನ ಆ ತುದಿಗೆ ಹೋಗಿ ಮಲಗಿಬಿಟ್ಟಿದ್ದ. ಅವನು ಊರು ಸೇರಿದ್ದಾನೆಂದೇ ಎಲ್ಲರೂ ತಿಳಿದಿದ್ದರು. ಅವನನ್ನು ಕೂಗಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಚಾಚಾ ಕೂಗಿದ್ದು ನನ್ನ ತಮ್ಮನನ್ನು. ತಮ್ಮ ಓ ಎಂದಿದ್ದರೆ ಆ ಸಣ್ಣ ದನಿ ಅಲ್ಲೇ ಮುಚ್ಚಿಹೋಗುತ್ತಿತ್ತು. ಮುಂದಿನ ಹೆಸರು, ಆಮೇಲೆ ಬಾಗಿಲು, ಆಮೇಲೆ ಬೆಂಕಿ.

ನೀರು ಕುಡಿಸಿದ ಮೇಲೆ ಅವನು ಕಣ್ಣು ಬಿಟ್ಟ. ಚಾಚಾನ ಕೈ ಹಿಡಿದು ಅಳತೊಡಗಿದ.

‘ಎಲ್ಲಾರೂ ನನ್ನ ಮರತಾರ ಅಂದ್ಕೊಂಡಿದ್ದೆ ಚಾಚಾ. ನೀವೊಬ್ರ ನೆನಪಿಟ್ಟು ಕರದ್ರಿ.’

ಚಾಚಾ ನನ್ನ ತಮ್ಮನ ಕಡೆ ನೋಡಿದರು. ತಮ್ಮ ತಲೆ ತಗ್ಗಿಸಿದ.

‘ಹೂಂ ಬೇಟಾ,’ ಎಂದರು ಚಾಚಾ. ‘ನಿನ್ನನ್ನ ಕರದೆ.’