ಬೆನ್ನುನೋವಿನ ಗುಳಿಗೆ

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಸೂರಪ್ಪ ನೇಯ್ದ ಸೀರೆಯ ಅಂಚಿಗೆ ಹೆಸರಿತ್ತು. ಮದುವೆಯ ಸೀರೆ ಅವನೇ ನೇಯಬೇಕೆಂದು ಹೇಳಿ ಕಾಯುವವರಿದ್ದರು. ಹೋದ ವರ್ಷ ಎದೆ ಹಿಡಿದುಕೊಂಡು ಮಗ್ಗದ ಮೇಲೇ ಕುಸಿದವನನ್ನು ದಾವಣಗೆರೆಗೆ ಸಾಗಿಸಿ, ಸ್ಟೆಂಟ್ ಹಾಕಿಸಿ ಉಳಿಸಿಕೊಂಡಿದ್ದರು. ರಕ್ತ ಹೆಪ್ಪುಗಟ್ಟದಂತೆ ದಿನವೂ ನುಂಗಲು ಅಲ್ಲಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಹೆಂಡತಿ ಬೊಮ್ಮಕ್ಕ ಅದನ್ನು ಎಂದೂ ತಪ್ಪಿಸಲಿಲ್ಲ. ತಿಂಡಿಯಾದ ಕೂಡಲೇ ಅಂಗೈಗಿಟ್ಟು, ಅವನು ನುಂಗುವವರೆಗೂ ಎದುರಿಗೇ ನಿಲ್ಲುತ್ತಿದ್ದಳು.

ಮೈ ಸುಧಾರಿಸಿದ ಮೇಲೆ, ಮಗಳು ರಂಜಿತಾ ಬೇಡವೆಂದರೂ ಸೂರಪ್ಪ ಮತ್ತೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟ. ಕೂತರೆ ಬೆನ್ನು ಕಿತ್ತುಬರುವಂಥ ನೋವು. ಎದ್ದರೆ ಸೊಂಟ ಹಿಡಿಯುತ್ತಿತ್ತು. ಓಣಿಯವರೆಲ್ಲ ಮಾಡುವಂತೆ ಅವನೂ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದ.

"ಡಾಕ್ಟರನ್ನ ಒಂದ್ ಮಾತು ಕೇಳಾಣ," ಎಂದಳು ಬೊಮ್ಮಕ್ಕ.

"ಬೆನ್ನಿಗೂ ಎದೆಗೂ ಏನೇ ಸಂಬಂಧ? ಸುಮ್ನಿರು."

ಅವಳಿಗೂ ಸರಿಯೆನಿಸಿತು. ಬೆಳಿಗ್ಗೆ ಎದ್ದಕೂಡಲೇ ನೋವಿನದು, ತಿಂಡಿಯಾದ ಮೇಲೆ ಎದೆಯದು. ನೋವು ಇಳಿದಾಗ ಸೂರಪ್ಪ ಏನೋ ಗುನುಗುತ್ತ ಲಾಳಿ ಎಸೆಯುತ್ತಿದ್ದ. ಒಲೆಯ ಮುಂದೆ ಕೂತ ಅವಳಿಗೆ ಅದನ್ನು ಕೇಳಿ ಹೊಟ್ಟೆ ತಣ್ಣಗಾಗುತ್ತಿತ್ತು.

ಮಾಘದ ಒಂದು ಮಧ್ಯಾಹ್ನ ಮಗ್ಗ ನಿಂತಿತು. ಊಟಕ್ಕೆ ಎದ್ದಿರಬೇಕೆಂದು ಬೊಮ್ಮಕ್ಕ ಮುದ್ದೆ ಬಡಿಸಿದಳು. ಎಷ್ಟು ಹೊತ್ತಾದರೂ ಬಾರದ್ದಕ್ಕೆ ಹೋಗಿ ನೋಡಿದರೆ, ಸೂರಪ್ಪ ಬೆವರಿನಲ್ಲಿ ತೊಯ್ದು ಗೋಡೆಗೊರಗಿದ್ದ.

"ಏಮೈಂದಿ?" ಏನಾಯ್ತು ಎಂದು ಕೇಳಹೋದ ಬೊಮ್ಮಕ್ಕನ ಬಾಯಿಗೆ ಗಾಬರಿಯಲ್ಲಿ ತವರಿನ ತೆಲುಗೇ ಬಂತು.

"ಬೊಮ್ಮಕ್ಕನ್ನ ಕರೀರಿ," ಎಂದ, ಎದುರಿಗೆ ನಿಂತವಳನ್ನೇ ಗುರುತಿಸದೆ.

ಚಳ್ಳಕೆರೆಯ ಆಸ್ಪತ್ರೆ ಮುಟ್ಟುವಾಗ ಉಸಿರು ಸಣ್ಣಗೆ ಆಡುತ್ತಿತ್ತು. ಸಂಜೆಯ ಹೊತ್ತಿಗೆ ಅದೂ ನಿಂತಿತು.

"ಮತ್ತೆ ಹಾರ್ಟ್ ಅಟ್ಯಾಕ್ ಆಗಿದೆ. ಎದೆಯ ಮಾತ್ರೆ ಬಿಟ್ಟಿದ್ರಾ?" ಡಾಕ್ಟರಮ್ಮ ಕೇಳಿದರು.

"ಇಲ್ರಮ್ಮ, ನಾನೇ ಕೊಡ್ತಿದ್ದೆ."

"ಬೇರೆ ಏನಾದ್ರೂ?"

ರಂಜಿತಾ ಅಪ್ಪನ ಜೇಬಿನಲ್ಲಿದ್ದ ನೋವಿನ ಗುಳಿಗೆ ತೆಗೆದು ತೋರಿಸಿದಳು. ಡಾಕ್ಟರಮ್ಮ ಅದನ್ನು ತಿರುವಿ ಹೆಸರು ಓದಿದರು.

"ಇದು ಮೊದಲು ಹೊಟ್ಟೆಗೆ ಹೋದ್ರೆ, ರಕ್ತದ ಮಾತ್ರೇನ ಸರಿಯಾಗಿ ಕೆಲಸ ಮಾಡೋಕೆ ಬಿಡಲ್ಲ. ಹೃದಯಕ್ಕೂ ಒಳ್ಳೇದಲ್ಲ. ಇದರಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ ಅಮ್ಮ. ನಮಗೆ ಗೊತ್ತಾಗಿದ್ರೆ ಬೇಡ ಅಂತಿದ್ವಿ."

ಹೆಣ ಹೊತ್ತ ಗಾಡಿ ಬಿ.ಜಿ. ಕೆರೆ ಊರು ದಾಟಿತು. ಬೊಮ್ಮಕ್ಕ ಗಂಡನ ತಣ್ಣನೆಯ ಪಾದ ಒತ್ತುತ್ತಲೇ ಅಂದಳು:

"ಎರಡಕ್ಕೂ ನಾನೇ ನೀರು ಕೊಟ್ನಲ್ಲೇ ರಂಜಿ."

"ನಿಂಗೆ ಹೇಳಿದೋರು ಯಾರಿದ್ರವ್ವಾ?" ಎಂದು ರಂಜಿತಾ ಅವಳನ್ನು ತಬ್ಬಿಕೊಂಡಳು. ಬೊಮ್ಮಕ್ಕ ಪಾದ ಒತ್ತುತ್ತಲೇ ಇದ್ದಳು.