ಮೈಕ್ ಆಫ್ ಮಾಡಿ ಹೇಳಿದ ಮಾತು

ಮೈಮೂನಕ್ಕ, ನನಗೆ ಗೊತ್ತಿತ್ತು. ಆ ಬೇಸಿಗೆಯಲ್ಲಿ ಪಂಚಾಯತ್ ಟ್ಯಾಂಕಿನ ನೀರು ಕೆಟ್ಟಿದೆಯೆಂದು, ಅನೌನ್ಸ್‌ಮೆಂಟಿನ ರಿಕ್ಷಾ ನಿಮ್ಮ ಗೇಟಿನೆದುರು ಬಂದು ನಿಲ್ಲುವ ಮೊದಲೇ ನನಗೆ ಗೊತ್ತಿತ್ತು. ‘ಪಾಪ, ಶಶಿಗೂ ಆಫೀಸಿನವರು ಸುಳ್ಳು ಹೇಳಿ ಕಳಿಸಿದ್ದು’ ಎಂದು ನೀವು ಇಷ್ಟು ವರ್ಷ ನಂಬಿದ್ದೀರಲ್ಲ — ಅದು ಹಾಗಲ್ಲ. ನೀವು ಹಾಗೆ ನಂಬುವಾಗ ನಾನು ಬಾಯಿಮುಚ್ಚಿಕೊಂಡಿದ್ದೆ.

ಪಂಚಾಯತ್ ಆಫೀಸಿನಲ್ಲಿ ನನಗಿದ್ದದ್ದು ತಾತ್ಕಾಲಿಕ ಕೆಲಸ, ಮಲಯಾಳದಲ್ಲಿ ಬಂದ ಸರಕಾರಿ ಕಾಗದಗಳನ್ನು ಕನ್ನಡ ಮಾಡುವುದು. ಊರಿಗೆ ಗೊತ್ತಿದ್ದದ್ದು ಮಾತ್ರ ನನ್ನ ಸ್ವರ. ಪೋಲಿಯೋ ಹನಿಯಿರಲಿ, ಕರೆಂಟು ಹೋಗುವ ಸುದ್ದಿಯಿರಲಿ, ಉಪ್ಪಳದಿಂದ ಬಾಡಿಗೆಗೆ ತರಿಸಿದ ಮೈಕನ್ನು ರಿಕ್ಷಾಕ್ಕೆ ಕಟ್ಟಿ ಹೊರಟರೆ ಮೊದಲು ಮಲಯಾಳದ ಮಾತು ರೆಕಾರ್ಡಿನಲ್ಲಿ ಓಡುತ್ತಿತ್ತು. ಆಮೇಲೆ ಕನ್ನಡ, ತುಳು — ಅವೆರಡೂ ನನ್ನ ಬಾಯಲ್ಲಿ. ಅವನ್ನು ಆಫೀಸಿನಲ್ಲಿ ಯಾರೂ ಪರೀಕ್ಷಿಸಿ ನೋಡಿದವರಲ್ಲ. ಸೆಕ್ರೆಟರಿ ತೆಂಕು ಕಡೆಯ ಮಲಯಾಳಿ, ಕನ್ನಡ ತುಳು ಒಂದಕ್ಷರ ತಿಳಿಯದು. “ಶಶಿಕಲಾ ಹೇಳಿದರೆ ಸರಿಯೇ ಇರುತ್ತದೆ” ಎನ್ನುತ್ತಿದ್ದರು. ಅದನ್ನು ಕೇಳಿ ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆಯುತ್ತಿದ್ದೆ.

ಅಂದು ಅವರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಟ್ಯಾಂಕಿನ ನೀರಿನ ಪರೀಕ್ಷೆಯಾಗಿದೆ, ಅದು ಕುಡಿಯಲು ಯೋಗ್ಯವಲ್ಲ ಎಂದರು. ಬಾವಿಗಳೆಲ್ಲ ಬತ್ತಿದ್ದವು. ಟ್ಯಾಂಕರಿನ ಏರ್ಪಾಡಾಗುವ ಮೊದಲೇ ಜನ ಹೆದರಿದರೆ ಎಲ್ಲಿಂದ ನೀರು ಕೊಡುವುದು? ‘ಆಶಂಕ ವೇಂಡ’ — ಆತಂಕ ಬೇಡ, ನೀರು ಶುದ್ಧವಾಗಿದೆ ಎಂದಷ್ಟೇ ಹೇಳಬೇಕು. ಅವರೇನು ರಾಕ್ಷಸರಲ್ಲ ಮೈಮೂನಕ್ಕ, ಅವರ ಮುಖವೂ ಬಾಡಿತ್ತು. ನಾನು ಹೂಂ ಎಂದೆ. ಕೆಲಸ ಹೋಗುವ ಹೆದರಿಕೆಯಿಂದ ಹಾಗೆಂದೆ ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ — ಬಾಗಿಲು ಹಾಕಿ ನನ್ನನ್ನು ಕೂರಿಸಿಕೊಂಡು ಹೇಳಿದರಲ್ಲ, ಆ ಹಮ್ಮು. ಊರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ಹಾಳು ಖುಷಿ. ಬರೆಯುವಾಗ ಕೈ ನಾಚುತ್ತದೆ, ಆದರೂ ಅದು ಇತ್ತು.

ರಿಕ್ಷಾ ಹತ್ತುವ ಮೊದಲು ಗಂಡನಿಗೆ ಫೋನ್ ಮಾಡಿದೆ. ನಳ್ಳಿ ನೀರನ್ನು ಕುದಿಸದೆ ಮಕ್ಕಳಿಗೆ ಕೊಡಬೇಡಿ, ಯಾರಿಗೂ ಹೇಳಲೂ ಬೇಡಿ ಎಂದೆ. ನನ್ನ ಮನೆಯನ್ನು ಕಾಪಾಡಿಕೊಂಡು ನಿಮ್ಮ ಮನೆಯ ದಾರಿ ಹಿಡಿದೆ.

ಆ ಬಿಸಿಲು ನಿಮಗೆ ನೆನಪಿರಬಹುದು. ನೀವು ಸೆರಗಿನಲ್ಲಿ ಮುಖ ಒರೆಸುತ್ತಾ ಗೇಟಿಗೆ ಬಂದಿರಿ. ನಾನು ಮೈಕ್ ಆಫ್ ಮಾಡಿದೆ.

“ಎಂತ ಶಶಿ, ನೀರಿಗೆ ಎಂತದೋ ಉಂಟು ಅಂತ ಹೇಳ್ತಾರಲ್ಲ ಎಲ್ಲ? ನಾನು ಎರಡು ದಿನದಿಂದ ಕುದಿಸಿಯೇ ಕೊಡುವುದು. ಹೆರಿಗೆಗೆ ಬಂದ ನಮ್ಮ ರುಕಿಯಾಗೆ ಏಳು ತಿಂಗಳು ಮಾರಾಯ್ತಿ, ಹೆದರಿಕೆ ಆಗ್ತದೆ.”

ಮೈಕ್ ಆಫ್ ಇತ್ತು. ಸೆಕ್ರೆಟರಿ ಇರಲಿಲ್ಲ. ರಿಕ್ಷಾದ ಡ್ರೈವರ್ ಬೀಡಿ ಹಚ್ಚಲು ಆಚೆ ಹೋಗಿದ್ದ. ನಾವಿಬ್ಬರೇ. ಒಂದು ಮಾತೂ ಬೇಡ, ಒಮ್ಮೆ ತಲೆಯಾಡಿಸಿದ್ದರೂ ಸಾಕಿತ್ತು — ನೀವು ಅರ್ಥಮಾಡಿಕೊಳ್ಳುತ್ತಿದ್ದಿರಿ. ನಾನು ಹೇಳಿದ್ದು ಇದು:

“ಎಂತದೂ ಇಲ್ಲ ಮೈಮೂನಕ್ಕ. ಧೈರ್ಯದಲ್ಲಿ ಕುಡಿಯಿರಿ.”

“ಹಾಗಾದ್ರೆ ಬಚಾವ್. ಕುದಿಸುವ ಕೆಲಸ ಒಂದು ತಪ್ಪಿತು” ಎಂದು ನೀವು ನಕ್ಕಿರಿ. ಒಳಗೆ ಹೋಗಿ ನನಗೆ ಲಿಂಬೆ ಶರಬತ್ತು ತಂದಿರಿ. ನಾನು ಮುಟ್ಟಲಿಲ್ಲ. ತಣ್ಣಗಿನದ್ದು ಕುಡಿದರೆ ಸ್ವರ ಬೀಳುತ್ತದೆ ಎಂದು, ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿಕೊಂಡೆ. “ಅಯ್ಯೋ ನನ್ನ ಬುದ್ಧಿಯೇ, ನಿನ್ನ ಸ್ವರ ಹೋದ್ರೆ ಊರಿಗೆ ಸುದ್ದಿ ಹೇಳುವವರು ಯಾರು?” ಎಂದು ಮತ್ತೆ ಒಳಗೆ ಹೋಗಿ ಚಹಾ ಮಾಡಿ ತಂದಿರಿ. ಅದನ್ನು ಕುಡಿದೆ. ಕುದಿದ ನೀರಲ್ಲವೇ — ನಿಮ್ಮೆದುರೇ ನಿಂತು, ನಿಮ್ಮ ಉಪಚಾರದ ಚಹಾ ಕುಡಿಯುತ್ತಾ, ನನಗೆ ಆ ಲೆಕ್ಕಾಚಾರ. ಶರಬತ್ತನ್ನು ಏನು ಮಾಡಿದಿರಿ, ರುಕಿಯಾಗೆ ಕೊಟ್ಟಿರೋ ಏನೋ, ನಾನು ಇಂದಿಗೂ ಕೇಳಿಲ್ಲ.

ಆಮೇಲೆ ಊರಿಡೀ ಮಂಜಪಿತ್ತ, ಕಾಮಾಲೆ ರೋಗ. ರುಕಿಯಾಳ ಕಣ್ಣು ಹಳದಿಯಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಅವಳನ್ನೇನೋ ಉಳಿಸಿದರು, ಮಗು ಉಳಿಯಲಿಲ್ಲ. ರೋಗ ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದು ಎಂದು ಡಾಕ್ಟರು ಹೇಳಿದರಂತೆ. ಆ ಮಾತನ್ನು ನಾನು ಬಹಳ ಕಾಲ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಈಗ ಬಿಟ್ಟಿದ್ದೇನೆ. ರೋಗ ಎಲ್ಲಿಂದಾದರೂ ಬಂದಿರಲಿ, ಕುದಿಸುತ್ತಿದ್ದ ನಿಮ್ಮ ಕೈಯನ್ನು ತಡೆದವಳು ನಾನು.

ಕೊನೆಗೆ ಪಂಚಾಯತಿನವರು ಟ್ಯಾಂಕ್ ಮುಚ್ಚಿ ನಿಜ ಹೇಳಿದರು. ಜನ ಆಫೀಸಿನೆದುರು ಸೇರಿ ಬಾಯಿಗೆ ಬಂದಂತೆ ಬೈದರು, ಬೈಯಬೇಕಾದದ್ದೇ. ನನ್ನನ್ನು ಮಾತ್ರ ಯಾರೂ ಬೈಯಲಿಲ್ಲ. ರುಕಿಯಾಳನ್ನು ನೋಡಲು ಬಂದ ನಾನು ನಿಮ್ಮ ಜಗಲಿಯಲ್ಲಿ ಅಳುತ್ತಾ ಕೂತಿದ್ದಾಗ, ನೀವು — ಮೊಮ್ಮಗುವನ್ನು ಕಳೆದುಕೊಂಡ ನೀವು — ನನ್ನ ಬೆನ್ನು ಸವರಿ ಸಮಾಧಾನ ಮಾಡಿದಿರಿ. “ಅಳಬೇಡ, ಅವರು ನಿನಗೂ ಹೇಳಲಿಲ್ಲವಲ್ಲ” ಎಂದಿರಿ. ನಾನು ಹೌದೆಂಬಂತೆ ತಲೆಯಾಡಿಸಿದೆ. ಗೇಟಿನ ಬಳಿ ಆಡದ ತಲೆ ಅಲ್ಲಿ ಆಡಿತು. ಮೊದಲನೆಯ ಸುಳ್ಳಿಗಾದರೂ ಆಫೀಸಿನ ಹೆಸರು ಹೇಳಬಹುದು. ಇದನ್ನು ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ.

ಆ ಕೆಲಸ ಬಿಟ್ಟು ಈಗ ಟ್ಯೂಷನ್ ಹೇಳುತ್ತೇನೆ. ಮೊನ್ನೆ ಮತ್ತೆ ಮೈಕಿನ ರಿಕ್ಷಾ ಬಂತು. ಬೇರೆ ಯಾರದೋ ಸ್ವರ, ನೀರು ಶುದ್ಧವಾಗಿದೆ ಎಂದು ಹೇಳುತ್ತಾ ಹೋಯಿತು. ಅದು ತಿರುವು ದಾಟುವ ಮೊದಲೇ ನಿಮ್ಮ ಫೋನ್.

“ಶಶಿ, ಅವರು ಎಂತ ಬೇಕಾದ್ರೂ ಹೇಳ್ಲಿ, ನನಗೆ ನಂಬಿಕೆ ಇಲ್ಲ. ನೀನು ವಿಚಾರಿಸಿ ಹೇಳು, ನೀನು ಹೇಳಿದ್ರೆ ಸಾಕು. ರುಕಿಯಾ ಬಂದಿದ್ದಾಳೆ. ಅವಳಿಗೆ ಈಗ ಐದು ತಿಂಗಳು.”

ನಿಮ್ಮ ಸ್ವರದಲ್ಲಿದ್ದ ಸಂತೋಷ ಕೇಳಿ ನನಗೂ ಸಂತೋಷವಾಯಿತು, ಕಣ್ಣು ತುಂಬಿತು. ಇಡೀ ಸರಕಾರವನ್ನು ನಂಬದ ನೀವು ನನ್ನನ್ನು ನಂಬುತ್ತೀರಿ, ಮೈಮೂನಕ್ಕ. ಆಫೀಸಿಗೆ ಹೋಗಿ ವಿಚಾರಿಸಿದೆ. ಈ ಸಲ ಪರೀಕ್ಷೆಯಲ್ಲಿ ನೀರು ನಿಜಕ್ಕೂ ಚೆನ್ನಾಗಿದೆ. ಆದರೆ ನಾನು ಯಾರೆಂದು ತಿಳಿಯದೆ ನೀವು ಆ ಮಾತನ್ನು ನನ್ನ ಬಾಯಿಂದ ತೆಗೆದುಕೊಳ್ಳಬಾರದು.

ಇದೆಲ್ಲವನ್ನೂ ಮೊದಲು ನನಗಾಗಿಯೇ ಬರೆದು ನೋಡಿದೆ, ಹೇಳುವಾಗ ಎಲ್ಲಿಯಾದರೂ ನನಗೆ ಬೇಕಾದ ಹಾಗೆ ತಿರುಗಿಸಿಬಿಟ್ಟೇನೆಂದು. ನಾಳೆ ಬೆಳಗ್ಗೆ ಬರುತ್ತೇನೆ. ರುಕಿಯಾಳನ್ನೂ ಕರೆಯಿರಿ, ನಿಮಗಿಂತ ಮೊದಲು ಕೇಳಬೇಕಾದವಳು ಅವಳು. ಗೇಟಿನ ಹೊರಗೆ ನಿಂತೇ ಹೇಳುತ್ತೇನೆ. ನನ್ನ ಮಾತು ಮುಗಿಯುವವರೆಗೆ, ದಯಮಾಡಿ, ನನ್ನನ್ನು ಒಳಗೆ ಕರೆಯಬೇಡಿ.