ಹಗ್ಗ ಹಿಡಿದು ಹೊರಟ ಮಕ್ಕಳು

1943ರ ಸುಮಾರಿನ ಮಾತು. ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ತತ್ವಾರ, ಶಿವಮೊಗ್ಗದ ಬಸ್ಸು ಕೂಡ ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ನರಸಿಂಹರಾಜಪುರದ ಪೇಟೆ ಬೀದಿಯಲ್ಲಿ ನಮ್ಮ ಮಾವನವರ ದಿನಸಿ ಅಂಗಡಿ ಇತ್ತು. ಅದರ ಹಿಂದಿನ ಓಣಿಯಲ್ಲೇ ಮನೆ. ನನ್ನ ಹಿರಿಯ ಮಗ ಬಸವರಾಜನಿಗೆ ಆಗ ನಾಲ್ಕು ವರ್ಷ. ಅಷ್ಟು ಪುಟ್ಟ ಹುಡುಗನನ್ನು ಯಾವ ಶಾಲೆಗೆ ಹಾಕಬೇಕು ಎಂಬ ಮಾತು ಒಂದು ದಿನ ಬೀದಿ ರಂಪವಾಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮಾವನವರ ಮಟ್ಟಿಗೆ ಅಲ್ಲಿ ಯೋಚಿಸುವಂಥದ್ದೇ ಇರಲಿಲ್ಲ. ಅವರು ಕಲಿತದ್ದು ಐಗಳ ಮಠದಲ್ಲಿ, ಅವರ ಮಗ ಕಲಿತದ್ದೂ ಅಲ್ಲೇ. ಮಠವೆಂದರೆ ದೊಡ್ಡದೇನಲ್ಲ. ಐಗಳು ಎಂದು ಕರೆಯುತ್ತಿದ್ದ ಹಳೆಯ ಮೇಷ್ಟರೊಬ್ಬರು ತಮ್ಮ ಮನೆಯ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ ತಪ್ಪಿದರೆ ಕೋದಂಡ. ತೊಲೆಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಹುಡುಗ ನೇತಾಡಬೇಕು, ಕೆಳಗಿನಿಂದ ಬೆತ್ತದ ಏಟು. ನಮ್ಮ ಯಜಮಾನರು ಒಮ್ಮೆ ಹಾಗೆ ನೇತಾಡುತ್ತಾ ಕೈಬಿಟ್ಟು ಬಿದ್ದು ತುಟಿ ಸೀಳಿಸಿಕೊಂಡಿದ್ದರು. ಆ ಗಾಯದ ಗುರುತು ಮೀಸೆಯ ಕೆಳಗೆ ಕಾಣುತ್ತಿತ್ತು. ವಿಜಯದಶಮಿಗೆ ಬಸವರಾಜನನ್ನೂ ಅಲ್ಲಿಗೇ ಹಾಕುವುದೆಂದು ಮಾವನವರು ಐಗಳಿಗೆ ಮಾತು ಕೊಟ್ಟುಬಿಟ್ಟಿದ್ದರು. ಅದನ್ನು ಕೇಳಿದ ದಿನದಿಂದ ನನಗೆ ಅನ್ನ ಸೇರಲಿಲ್ಲ.

ಅದೇ ವರ್ಷ ಊರಿನಲ್ಲಿ ಹೊಸದಾಗಿ ಒಂದು ಶಿಶುವಿಹಾರ ಶುರುವಾಗಿತ್ತು. ಕೆರೆಯ ಹತ್ತಿರ ಒಂದು ಬಾಡಿಗೆ ಮನೆ, ಶಿವಮೊಗ್ಗದಿಂದ ಬಂದ ಒಬ್ಬ ಟೀಚರಮ್ಮ, ಮಕ್ಕಳನ್ನು ಮನೆಮನೆಯಿಂದ ಕರೆದೊಯ್ಯಲು ಲೂಸಿ ಎಂಬ ಆಯಾ. ಅಷ್ಟೇ ಅದರ ವೈಭವ. ಅಲ್ಲಿ ಮಕ್ಕಳು ಹಾಡುತ್ತವೆ, ಮಣ್ಣಿನಲ್ಲಿ ಆಡುತ್ತವೆ, ಮಧ್ಯಾಹ್ನ ಚಾಪೆಯ ಮೇಲೆ ಮಲಗುತ್ತವೆ ಎಂದು ಪಕ್ಕದ ಮನೆಯವರು ಹೇಳಿದಾಗ ನಾನು ಬಾಯಿ ಬಿಟ್ಟುಕೊಂಡು ಕೇಳಿದ್ದೆ.

ಯಜಮಾನರಿಗೆ ಹೇಳಿದೆ. "ನಂಗೂ ಅದೇ ಸರಿ ಅನ್ನಿಸ್ತದೆ. ಆದ್ರೆ ಅಪ್ಪಯ್ಯನ ಹತ್ರ ಹೇಳೋದು ಯಾರು?" ಎಂದು ನನ್ನ ಮುಖವನ್ನೇ ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನನಗೆ! ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ಪದ್ಧತಿಯೇ ಇರಲಿಲ್ಲ. ಉಪ್ಪು ಮುಗಿದಿದೆ ಎಂದು ತಿಳಿಸುವುದಕ್ಕೂ ಅತ್ತೆಯವರ ಬಾಯಿಯೇ ಬೇಕು.

ಅತ್ತೆಯವರು ನನ್ನ ಅಳು ನೋಡಲಾರದೆ ಒಂದು ದಾರಿ ಹುಡುಕಿದರು. "ಅವರು ಬೆಳಿಗ್ಗೆ ಅಂಗಡಿಗೆ ಹೋದ್ರೆ ಊಟಕ್ಕೇ ಬರೋದು. ದಸರೆ ಬರೋವರೆಗೆ ಹುಡುಗ ನಾಲ್ಕು ದಿನ ಹೋಗ್ಲಿ. ಅವನಿಗೆ ಹಿಡಿಸಿದ್ರೆ ಆಮೇಲೆ ನೋಡುವ. ನಂಗೆ ಮಾತ್ರ ಏನೂ ಗೊತ್ತಿಲ್ಲ ಮಾರಾಯ್ತಿ!" ಎಂದರು. ಏನೂ ಗೊತ್ತಿಲ್ಲದ ಆ ಮಹಾತಾಯಿ ಮರುದಿನ ತಾವೇ ಮೊಮ್ಮಗನ ತಲೆ ಬಾಚಿ, ಹಣೆಗೆ ಮೂರು ಎಳೆ ವಿಭೂತಿ ಹಚ್ಚಿ, ಹಿತ್ತಿಲ ಬಾಗಿಲಿನಿಂದ ಲೂಸಿಯ ಕೈಗೆ ಒಪ್ಪಿಸಿದರು.

ಲೂಸಿ ಘಟ್ಟದ ಕೆಳಗಿನ ಕ್ರಿಸ್ತಿಯನ್ ಹೆಂಗಸು, ಊರಿಗೆ ಹೊಸಬಳು. ಮಕ್ಕಳು ದಾರಿಯಲ್ಲಿ ಚೆದುರಿ ಹೋಗದ ಹಾಗೆ ಅವಳು ಒಂದು ಉಪಾಯ ಮಾಡಿದ್ದಳು. ಉದ್ದದ ಹಗ್ಗಕ್ಕೆ ಗಂಟುಗಳನ್ನು ಹಾಕಿ, ಒಂದೊಂದು ಗಂಟನ್ನು ಒಂದೊಂದು ಮಗುವಿನ ಕೈಗೆ ಕೊಟ್ಟು, ತುದಿಯನ್ನು ತಾನು ಹಿಡಿದು ಮುಂದೆ ನಡೆಯುತ್ತಿದ್ದಳು. ಬಸವರಾಜನಿಗೆ ಅದು ರೈಲಾಟ. ಬೆಳಗಾದರೆ ಸಾಕು, "ಲೂಸಮ್ಮ ಬಂತಾ?" ಎಂದು ಹಿತ್ತಿಲಿಗೆ ಓಡುತ್ತಿದ್ದ.

ಆ ದಿನಗಳಲ್ಲೇ ಒಂದು ಸುದ್ದಿ ಹಬ್ಬಿತ್ತು. ಎಲ್ಲೋ ದೂರದಲ್ಲಿ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರಂತೆ, ಕಂಬ ನಿಲ್ಲುತ್ತಿಲ್ಲವಂತೆ, ಬಲಿ ಕೊಡಲು ಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾರಂತೆ. ಅಂತೆಕಂತೆಗಳ ಸಂತೆ. ಆದರೂ ತಾಯಂದಿರು ಮಕ್ಕಳನ್ನು ಅಂಗಳಕ್ಕೆ ಬಿಡಲು ಹೆದರುತ್ತಿದ್ದರು.

ಅಂದು ವಾರದ ಸಂತೆ. ಹಿಂದಿನ ಓಣಿಯ ತುಂಬ ಗಾಡಿಗಳನ್ನು ಬಿಟ್ಟಿದ್ದರಿಂದ ಲೂಸಿ ಮಕ್ಕಳನ್ನು ಪೇಟೆ ಬೀದಿಯಿಂದಲೇ ಕರೆದುಕೊಂಡು ಹೋದಳು. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ಇದ್ದಕ್ಕಿದ್ದಂತೆ ಬೀದಿಯಿಂದ ಗದ್ದಲ ಕೇಳಿತು. ಪಕ್ಕದ ಮನೆಯವರು ಹಿತ್ತಿಲಿಂದಲೇ ಕೂಗಿದರು: "ಹುಡುಗ್ರನ್ನ ಕದಿಯೋಳು ಸಿಕ್ಕಿಬಿದ್ಲಂತೆ! ಹಗ್ಗಕ್ಕೆ ಕಟ್ಟಿ ಎಳ್ಕೊಂಡು ಹೋಗ್ತಿದ್ಲಂತೆ!"

ನಾನು ರೊಟ್ಟಿ ಬಿಟ್ಟು ಎದ್ದೆ. ಅತ್ತೆಯವರು "ಬೇಡ ಕಣೆ, ಅಲ್ಲಿ ಅವರು ಇದ್ದಾರೆ" ಎಂದು ಸೆರಗು ಹಿಡಿದರು. ಬಿಡಿಸಿಕೊಂಡು, ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಓಡಿದೆ. ಮದುವೆಯಾಗಿ ಬಂದ ಮೇಲೆ ಒಬ್ಬಳೇ ಪೇಟೆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು.

ಸರಿಯಾಗಿ ನಮ್ಮ ಅಂಗಡಿಯ ಮುಂದೆಯೇ ಜನ ಮುತ್ತಿದ್ದರು. ಹೆಚ್ಚಿನವರು ಸಂತೆಗೆ ಬಂದ ಹಳ್ಳಿಯವರು, ಲೂಸಿಯ ಮುಖ ಕಂಡವರಲ್ಲ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡಿದ್ದ ಒಬ್ಬ ಎತ್ತರದ ಆಳು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದ. ಅವಳ ರವಿಕೆಯ ತೋಳು ಹರಿದಿತ್ತು, ಕೆನ್ನೆಯಲ್ಲಿ ರಕ್ತ. ಆದರೂ ಹಗ್ಗದ ತುದಿ ಬಿಟ್ಟಿರಲಿಲ್ಲ. ಮಕ್ಕಳೆಲ್ಲ ಅವಳ ಸೀರೆಗೆ ಜೋತುಬಿದ್ದು ಅರಚುತ್ತಿದ್ದವು. ನನ್ನ ಬಸವರಾಜ ಹಗ್ಗವನ್ನು ಕೈಗೆ ಸುತ್ತಿಕೊಂಡುಬಿಟ್ಟಿದ್ದ.

"ನೋಡ್ರೋ, ಹಣೆಗೆ ವಿಭೂತಿ ಬಳ್ದಿದಾಳೆ! ಪೂಜೆ ಮಾಡಿ ಬಲಿಗೆ ತಗೊಂಡು ಹೋಗ್ತಿದಾಳೆ!" ಎಂದು ಯಾರೋ ನನ್ನ ಮಗನನ್ನು ತೋರಿಸಿ ಕೂಗಿದರು. ಒಂದು ಕಲ್ಲು ಬಂದು ಲೂಸಿಯ ಭುಜಕ್ಕೆ ಬಿತ್ತು. "ಮಕ್ಕಳಿಗೆ ತಾಗ್ತದೆ, ಕಲ್ಲು ಹೊಡೀಬೇಡಿ ಮಾರಾಯ್ರೆ! ನಾನು ಶಾಲೆಯ ಆಯಾ!" ಎಂದು ಅವಳು ಗೋಗರೆಯುತ್ತಿದ್ದಳು. ಕೇಳುವವರು ಯಾರು?

ನಾನು ನುಗ್ಗಿಹೋಗಿ ಅವಳ ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಅಂಗಡಿಯ ಒಳಕೋಣೆಯಿಂದ ಮಾವನವರು ಜಗಲಿಗೆ ಬಂದರು. ಮೊಮ್ಮಗನನ್ನು ಕಂಡರು, ಹಗ್ಗವನ್ನು ಕಂಡರು, ತಲೆಯ ಮೇಲೆ ಸೆರಗೂ ಇಲ್ಲದೆ ನಿಂತಿದ್ದ ನನ್ನನ್ನೂ ಕಂಡರು.

"ಇವಳು ಕಳ್ಳಿ ಅಲ್ಲ ಮಾವಯ್ಯ. ಶಿಶುವಿಹಾರದ ಆಯಾ. ಮಗೂನ ನಾನೇ ಕಳಿಸಿದ್ದು" ಎಂದೆ. ಅವರ ಮುಖ ನೋಡಿ ನಾನಾಡಿದ ಮೊಟ್ಟಮೊದಲ ಮಾತು ಅದು. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು.

ಆ ಎತ್ತರದ ಆಳು ಬಿಡಲಿಲ್ಲ. "ಈಯಮ್ಮಂಗೂ ಮಂಕುಬೂದಿ ಎರಚಿದಾಳೆ. ಸೆಟ್ರೇ, ನೀವೇ ಹೇಳಿ. ನಿಮ್ಮ ಮನೆ ಸೊಸೆ ನಿಮ್ಮನ್ನ ಕೇಳ್ದೆ ಹುಡುಗನ್ನ ಇಂಥೋಳ ಕೈಗೆ ಕೊಡ್ತಾಳಾ?" ಎಂದ.

ಎಲ್ಲರೂ ಜಗಲಿಯತ್ತ ನೋಡಿದರು. ಮಾವನವರು ಒಂದೊಂದೇ ಮೆಟ್ಟಿಲು ಇಳಿದು ಬಂದರು. "ಇವಳು ಕಳಿಸಿದ್ಲು ಅನ್ನೋದು ಸುಳ್ಳು" ಎಂದರು.

ಲೂಸಿಯ ಕಥೆ ಮುಗಿಯಿತು, ನನ್ನದೂ ಮುಗಿಯಿತು ಎಂದುಕೊಂಡೆ. ಆಳು ಅವಳ ತುರುಬಿಗೆ ಕೈ ಹಾಕಿಯೇಬಿಟ್ಟ.

"ಕೈ ತೆಗಿಯೋ!" ಮಾವನವರು ಗುಡುಗಿದರು. "ಕಳಿಸಿದ್ದು ನಾನು. ನನ್ನ ಮೊಮ್ಮಗನ್ನ ನಾನು ಶಾಲೆಗೆ ಕಳಿಸ್ತೀನಿ, ಕೇಳೋಕೆ ನೀನ್ಯಾರು? ನನ್ನ ಮಾತಿಲ್ದೆ ನನ್ನ ಮನೆಯಿಂದ ಒಂದು ಬೆಕ್ಕಿನ ಮರಿಯೂ ಹೊರಗೆ ಹೋಗೋದಿಲ್ಲ, ತಿಳ್ಕೋ."

ಮಾವನವರ ಮಾತಿಗೆ ಸುತ್ತಿನ ಹಳ್ಳಿಗಳಲ್ಲಿ ಎದುರಿರಲಿಲ್ಲ. ಆಳು ಕೈ ತೆಗೆದ. ಒಬ್ಬ ಟೋಪಿ ಸರಿಮಾಡಿಕೊಂಡ, ಇನ್ನೊಬ್ಬ ಎತ್ತು ನೋಡಲು ಹೊರಟ. ಕಲ್ಲು ಹೊಡೆದವನು ಯಾರೆಂದು ಕೊನೆಗೂ ತಿಳಿಯಲಿಲ್ಲ. ಮಾವನವರು ಬಗ್ಗಿ ಬಸವರಾಜನ ಕೈಗೆ ಸುತ್ತಿದ್ದ ಹಗ್ಗವನ್ನು ಬಿಡಿಸಲು ನೋಡಿದರು. ಅವನು ಬಿಡಲಿಲ್ಲ. "ನಂದು ಇದು, ಶಾಲೆಗೆ ಹೋಗ್ಬೇಕು" ಎಂದು ಬಿಕ್ಕುತ್ತಲೇ ಹೇಳಿದ.

ಲೂಸಿ ಕೆನ್ನೆ ಒರೆಸಿಕೊಂಡು, "ನಾಳೆಯಿಂದ ನಾನು ಈ ಬೀದಿಯಲ್ಲಿ ಬರುದಿಲ್ಲ ಸಾವ್ಕಾರ್ರೆ. ಕೆರೆ ಏರಿ ಸುತ್ತಿಕೊಂಡು ಹೋಗ್ತೇನೆ" ಎಂದಳು.

"ಯಾಕೆ? ಇದೇ ಬೀದಿಯಲ್ಲಿ ಬಾ. ದಿನಾ ನನ್ನ ಅಂಗಡಿ ಮುಂದೇನೇ ಹೋಗ್ಬೇಕು. ಯಾರು ತಡೀತಾರೆ ನೋಡುವ" ಎಂದರು ಮಾವನವರು. ಆಮೇಲೆ ನನ್ನ ಕಡೆ ತಿರುಗಿ ನೋಡದೆ, "ಮನೆಗೆ ನಡಿ. ರೊಟ್ಟಿ ಸೀದಿರ್ತದೆ" ಎಂದು ಒಳಗೆ ಹೋದರು.

ರೊಟ್ಟಿ ಸೀದೇ ಹೋಗಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಮಾವನವರು ನನ್ನ ತಪ್ಪನ್ನು ಎತ್ತಿ ಆಡುತ್ತಾರೆಂದು ಬಾಗಿಲ ಹಿಂದೆ ನಿಂತಿದ್ದೆ. ಅವರು ಅತ್ತೆಯವರಿಗೆ ಹೇಳಿದ್ದು ಇಷ್ಟೇ: "ಐಗಳಿಗೆ ನಾನೇ ಹೇಳ್ಕೊಳ್ತೀನಿ. ಊರ ಮುಂದೆ ಬಾಯಿಬಿಟ್ಟಾಯ್ತಲ್ಲ, ಇನ್ನು ಕಳಿಸದೆ ಇದ್ರೆ ಹೇಗೆ?"

ಮಾವನವರು ಅಂದು ಹಾಗೆ ಹೇಳಿದ್ದು ನನ್ನ ಮಾನ ಉಳಿಸಲೋ, ಲೂಸಿಯ ಪ್ರಾಣ ಉಳಿಸಲೋ, ಸೊಸೆ ಮಾತು ಮೀರಿದಳೆಂದು ಊರು ನಗಬಾರದೆಂದೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಆದರೆ ಬದುಕಿರುವ ತನಕ, ಮೊಮ್ಮಗನ ಓದಿನ ಮಾತು ಬಂದಾಗಲೆಲ್ಲ, "ಇವನನ್ನ ಶಿಶುವಿಹಾರಕ್ಕೆ ಹಾಕಿದ್ದು ನಾನೇ" ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದರು. ಕೊನೆಕೊನೆಗೆ ಅವರಿಗೇ ಅದು ನಿಜವಾಗಿಬಿಟ್ಟಿತ್ತು. ಒಳಗಿನಿಂದ ಕೇಳುತ್ತಿದ್ದ ನಾನು ಒಂದು ದಿನವೂ ಅಲ್ಲ ಎನ್ನಲಿಲ್ಲ, ಯಾರಿಗೂ ಅನ್ನಲು ಬಿಡಲೂ ಇಲ್ಲ.